ಮುತ್ತಿಗೆಯ ಊರಿನ ಪ್ರೇಮಕಥೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುದ್ಧಕಾಲದ ರಷ್ಯಾದಲ್ಲಿ ನಡೆಯುವ ಪ್ರೇಮಕಥೆಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮುತ್ತಿಗೆ ಹಾಕಿದ್ದ ಲೆನಿನ್‌ಗ್ರಾಡ್‌ನ ಸುತ್ತಲೇ ಇವೆ. ಕೆಲವರು ಇಂಥ ಕಾದಂಬರಿ ಓದಿ ಗೊಂದಲಗೊಂಡವರು, ಕೆಲವರು ತಾವೇ ಕಥೆ ಬರೆಯಲು ಕೂತವರು. ಇಬ್ಬರಿಗೂ ನಾವು ಹೇಳುವುದು ಒಂದೇ: ಆ ಊರಿನ ಪ್ರೇಮಕಥೆಗೆ ಬೇಕಾದ ತಿರುವುಗಳು ಅಲ್ಲಿನ ರೇಷನ್ ನಿಯಮ, ಅಂಚೆ ನಿಯಮ, ಮದುವೆ ಕಾನೂನುಗಳಲ್ಲೇ ಇವೆ. ಅವು ಗೊತ್ತಿದ್ದರೆ ಹೊರಗಿನಿಂದ ಏನನ್ನೂ ತಂದು ಸೇರಿಸಬೇಕಾಗಿಲ್ಲ.

ನನ್ನ ಕಥೆಯ ನಾಯಕ, ನಾಯಕಿ 1941ರ ನವೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಕಂಚಿನ ಕುದುರೆ ಸವಾರನ ಪ್ರತಿಮೆಯ ಕೆಳಗೆ ಭೇಟಿಯಾಗುತ್ತಾರೆ. ಬೆಳದಿಂಗಳಲ್ಲಿ ಚಿನ್ನದ ಶಿಖರ ಹೊಳೆಯುತ್ತಿರುತ್ತದೆ. ಚಿತ್ರಣ ಸರಿಯಾಗಿದೆಯೇ? (ಮೈಸೂರು)

ಇಲ್ಲ, ಮೂರು ಕಡೆ ತಪ್ಪಿದೆ. ಊರಿನ ಹೆಸರಿನಿಂದಲೇ ಶುರುಮಾಡೋಣ. 1914ರವರೆಗೆ ಸೇಂಟ್ ಪೀಟರ್ಸ್‌ಬರ್ಗ್, 1924ರವರೆಗೆ ಪೆಟ್ರೊಗ್ರಾಡ್, 1991ರವರೆಗೆ ಲೆನಿನ್‌ಗ್ರಾಡ್. ನಿಮ್ಮ ಪಾತ್ರಗಳು ಲೆನಿನ್‌ಗ್ರಾಡ್ ಎಂದೇ ಹೇಳಬೇಕು. ಅಲ್ಲಿನ ಮುಖ್ಯರಸ್ತೆ ನೆವ್‌ಸ್ಕಿ ಪ್ರಾಸ್ಪೆಕ್ಟ್‌ಗೆ ಆಗ ಸರ್ಕಾರಿ ಹೆಸರು ‘ಅಕ್ಟೋಬರ್ 25 ಪ್ರಾಸ್ಪೆಕ್ಟ್’. ಹಳೆಯ ಹೆಸರು ಅಧಿಕೃತವಾಗಿ ಮರಳಿದ್ದು 1944ರ ಜನವರಿಯಲ್ಲಿ. ಜನರ ಬಾಯಲ್ಲಿ ಮಾತ್ರ ಅದು ನೆವ್‌ಸ್ಕಿಯಾಗಿಯೇ ಉಳಿದಿತ್ತು. ಹಾಗಾಗಿ ಸಂಭಾಷಣೆಯಲ್ಲಿ ನೆವ್‌ಸ್ಕಿ ಬರಲಿ, ಕಾಗದಪತ್ರದಲ್ಲಿ ಸರ್ಕಾರಿ ಹೆಸರು ಬರಲಿ.

ಇನ್ನು ಕುದುರೆ ಸವಾರ. ಬಾಂಬ್ ದಾಳಿಯಿಂದ ಕಾಪಾಡಲು ಪ್ರತಿಮೆಯ ಸುತ್ತ ಮರಳು ತುಂಬಿ ಹಲಗೆ ಹೊಡೆದಿದ್ದರು. ನಿಮ್ಮ ಜೋಡಿಗೆ ಅಲ್ಲಿ ಕಾಣುವುದು ಮರಳು, ಹಲಗೆಗಳ ದೊಡ್ಡ ರಾಶಿ. ಅನಿಚ್ಕೊವ್ ಸೇತುವೆಯ ನಾಲ್ಕು ಕುದುರೆಗಳನ್ನು ಪಕ್ಕದ ಅರಮನೆಯ ತೋಟದಲ್ಲಿ ಹೂತಿಟ್ಟಿದ್ದರು, ಬೇಸಿಗೆ ತೋಟದ ಪ್ರತಿಮೆಗಳೂ ಮಣ್ಣಿನೊಳಗಿದ್ದವು. ಅಡ್ಮಿರಾಲ್ಟಿ ಎಂಬ ನೌಕಾದಳದ ಕಟ್ಟಡದ ಚಿನ್ನದ ಶಿಖರಕ್ಕೆ ಕ್ಯಾನ್ವಾಸ್ ಹೊಲಿದು ತೊಡಿಸಿದ್ದರು, ಸೇಂಟ್ ಐಸಾಕ್ ಚರ್ಚಿನ ಗುಮ್ಮಟಕ್ಕೆ ಬೂದು ಬಣ್ಣ ಬಳಿದಿದ್ದರು. ಜರ್ಮನ್ ಫಿರಂಗಿ ದಳ ಗುರಿ ಹಿಡಿಯಲು ಹೊಳೆಯುವ ಶಿಖರಗಳನ್ನೇ ಗುರುತು ಮಾಡಿಕೊಳ್ಳುತ್ತದೆ ಎಂಬುದೇ ಇದಕ್ಕೆ ಕಾರಣ. ಬೆಳದಿಂಗಳು ಅಲ್ಲಿ ಯಾರಿಗೂ ಬೇಕಿರಲಿಲ್ಲ, ಅದು ಬಾಂಬರ್‌ಗಳಿಗೆ ದಾರಿ ತೋರಿಸುತ್ತಿತ್ತು.

ಹಾಗಾದರೆ ಅವರು ಹೇಗೆ ಭೇಟಿಯಾಗಬೇಕು? ದೀಪವಿಲ್ಲದ ಬೀದಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಿರಲೆಂದು ಜನ ಕೋಟಿನ ಮೇಲೆ ಕತ್ತಲಲ್ಲಿ ಹೊಳೆಯುವ ರಂಜಕದ ಸಣ್ಣ ಬಿಲ್ಲೆ ಹಾಕಿಕೊಳ್ಳುತ್ತಿದ್ದರು. ಮುಖ ಕಾಣದು, ಎದೆಯ ಮಟ್ಟದಲ್ಲಿ ಒಂದು ಹಸಿರು ಚುಕ್ಕಿ ಹತ್ತಿರ ಬರುತ್ತದೆ. ಧ್ವನಿವರ್ಧಕದಲ್ಲಿ ಮೆಟ್ರೊನೋಮ್ ಎಂಬ ತಾಳದ ಯಂತ್ರ ಟಿಕ್ ಟಿಕ್ ಎಂದು ಬಡಿಯುತ್ತಿರುತ್ತದೆ: ನಿಧಾನವಾಗಿದ್ದರೆ ಅಪಾಯವಿಲ್ಲ, ನಿಮಿಷಕ್ಕೆ 150ರಷ್ಟು ವೇಗಕ್ಕೇರಿದರೆ ವಿಮಾನ ದಾಳಿ. ಚಿನ್ನದ ಶಿಖರಕ್ಕಿಂತ ಇದು ನಿಮ್ಮ ಕಥೆಗೆ ಹೆಚ್ಚು ಕೊಡುತ್ತದೆ.

ಪ್ರಿಯಕರ ತನ್ನ ಪಾಲಿನ ಬ್ರೆಡ್ಡನ್ನೆಲ್ಲ ಅವಳಿಗೆ ಕೊಟ್ಟು, ಇಬ್ಬರೂ ಆ ಚಳಿಗಾಲ ದಾಟುವುದಾಗಿ ಒಂದು ಕಾದಂಬರಿಯಲ್ಲಿದೆ. ಇದು ಸಾಧ್ಯವೇ? (ಶಿವಮೊಗ್ಗ)

ಲೆಕ್ಕ ಹಾಕಿ ನೋಡೋಣ. ಮುತ್ತಿಗೆ ಬಿಗಿಯಾದದ್ದು 1941ರ ಸೆಪ್ಟೆಂಬರ್ 8ರಂದು. ರೇಷನ್ ತೀರಾ ಕೆಳಗಿಳಿದದ್ದು ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ. ಆಗ ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್. ಕಚೇರಿ ನೌಕರರು, ಅವಲಂಬಿತರು, ಮಕ್ಕಳು, ಎಲ್ಲರಿಗೂ 125 ಗ್ರಾಂ. ಸಾಧಾರಣ ಗಾತ್ರದ ಒಂದು ರಾಗಿಮುದ್ದೆಯ ಅರ್ಧದಷ್ಟು ತೂಕ ಅದು, ಇಡೀ ದಿನಕ್ಕೆ. ಒಳ್ಳೆಯ ರೈ ಹಿಟ್ಟಿನ ಬ್ರೆಡ್ ಆಗಿದ್ದರೂ 125 ಗ್ರಾಂನಲ್ಲಿ ಸಿಗುವುದು ಸುಮಾರು 300 ಕಿಲೋಕ್ಯಾಲೊರಿ. ಅದು ಒಳ್ಳೆಯ ಬ್ರೆಡ್ ಆಗಿರಲಿಲ್ಲ. ಎಣ್ಣೆ ತೆಗೆದ ಹಿಂಡಿ, ಮರದಿಂದ ತೆಗೆದ ಸೆಲ್ಯುಲೋಸ್, ಗಿರಣಿಯ ಗೋಡೆಗಳಿಂದ ಗುಡಿಸಿದ ಹಿಟ್ಟಿನ ಧೂಳು ಸೇರಿತ್ತು. ನೀರಿನಂಶ ಹೆಚ್ಚಿ ತೂಕ ಬರುತ್ತಿದ್ದರಿಂದ ಕೈಗೆ ಸಿಗುತ್ತಿದ್ದದ್ದು ಚಿಕ್ಕ, ಒದ್ದೆ, ಭಾರದ ತುಂಡು. ಬೇರೆ ದಿನಸಿ ಕಾರ್ಡ್‌ನಲ್ಲಿ ಅಚ್ಚಾಗಿತ್ತು, ಅಂಗಡಿಯಲ್ಲಿ ಎಷ್ಟೋ ಸಲ ಇರುತ್ತಿರಲಿಲ್ಲ.

ಹೊರಗೆ ಮೈನಸ್ 30ರ ಆಸುಪಾಸಿನ ಚಳಿ. ಡಿಸೆಂಬರ್‌ನಲ್ಲಿ ಟ್ರಾಮ್ ನಿಂತಿತು, ಮನೆಗಳಲ್ಲಿ ಕರೆಂಟ್ ಇಲ್ಲ, ನಲ್ಲಿಗಳು ಹೆಪ್ಪುಗಟ್ಟಿದವು. ಕೆಲಸಕ್ಕೆ ನಡೆದೇ ಹೋಗಬೇಕು, ನೀರನ್ನು ನೆವಾ ನದಿಯ ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯಿಂದ ಎತ್ತಿ ಮಕ್ಕಳ ಸ್ಲೆಡ್ಜ್ (ಹಿಮದ ಮೇಲೆ ಜಾರುವ ಬಂಡಿ) ಮೇಲೆ ಎಳೆದು ತರಬೇಕು. ಇಷ್ಟು ದುಡಿಮೆಯ ನಡುವೆ ತನ್ನ ಪಾಲನ್ನು ಪೂರ್ತಿ ಕೊಡುವ ಗಂಡಸು ಕೆಲವೇ ವಾರಗಳಲ್ಲಿ ಸಾಯುತ್ತಾನೆ. ಆ ಮೊದಲ ಚಳಿಗಾಲದಲ್ಲಿ ಹಸಿವಿಗೆ ಹೆಂಗಸರಿಗಿಂತ ಮೊದಲು ಬಿದ್ದವರು ಗಂಡಸರೇ. ನೀವು ಓದಿದ ಕಾದಂಬರಿಯ ಔದಾರ್ಯ ನಂಬಬಹುದಾದದ್ದು, ಇಬ್ಬರೂ ಬದುಕಿದ್ದು ನಂಬಲು ಕಷ್ಟ.

ಸಾಧ್ಯವಿದ್ದ ದಾರಿಗಳು ಬೇರೆ ಇದ್ದವು. ಅವನು ಮುಂಚೂಣಿಯ ಸೈನಿಕನಾಗಿದ್ದರೆ ಅದೇ ದಿನಗಳಲ್ಲಿ ಅವನ ಪಾಲು 500 ಗ್ರಾಂ, ಹಿಂಬದಿಯ ದಳದವನಾದರೆ 300. ಅದರಲ್ಲಿ ಒಂದಿಷ್ಟು ಉಳಿಸಿ ತರಬಹುದಿತ್ತು. ಅವಳು ಕಚೇರಿ ಬಿಟ್ಟು ಕಾರ್ಖಾನೆ ಸೇರಿದರೆ 125 ಗ್ರಾಂ ಇದ್ದದ್ದು 250 ಆಗುತ್ತದೆ. ರಕ್ತ ಕೊಟ್ಟವರಿಗೆ ಹೆಚ್ಚುವರಿ ರೇಷನ್ ಇತ್ತು. ತಾನೇ ಹಸಿದಿರುವಾಗ ರಕ್ತ ಕೊಟ್ಟು ಆ ಊಟವನ್ನು ಇನ್ನೊಬ್ಬರಿಗೆ ತರುವವರ ಕಥೆ ಬರೆಯುವವರು ಇದನ್ನು ನೆನಪಿಡಬೇಕು.

ರೇಷನ್ ಕಾರ್ಡ್ ಬಗ್ಗೆ ಇನ್ನೂ ಎರಡು ಸಂಗತಿ. ಅದು ತಿಂಗಳಿಗೊಂದು. ಕಳೆದುಕೊಂಡರೆ ಇನ್ನೊಂದು ಸಿಗುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು, ಏಕೆಂದರೆ ಕಳೆದುಹೋಯಿತೆಂದು ಸುಳ್ಳು ಹೇಳಿ ಎರಡನೆಯದು ಪಡೆಯುವುದು ಶುರುವಾದಾಗ ಅಧಿಕಾರಿಗಳು ಬಾಗಿಲು ಮುಚ್ಚಿದರು. ತಿಂಗಳ 3ನೇ ತಾರೀಖು ಕಾರ್ಡ್ ಕಳೆದರೆ ಮುಂದಿನ 27–28 ದಿನ ಬ್ರೆಡ್ ಇಲ್ಲ. ಮನೆಯವರಲ್ಲಿ ಒಬ್ಬರು ತಿಂಗಳ ಮೊದಲಲ್ಲೇ ತೀರಿಕೊಂಡರೆ, ಆ ಕಾರ್ಡ್ ತಿಂಗಳ ಕೊನೆಯವರೆಗೆ ಉಳಿದವರ ಬಾಯಿಗೆ ಬೀಳಲೆಂದು ಸಾವನ್ನೇ ಮುಚ್ಚಿಡುತ್ತಿದ್ದರು. ಇದನ್ನು ಕ್ರೌರ್ಯವೆಂದು ಬರೆಯಬೇಡಿ. ಸಾಯುವವರೇ ಹಾಗೆ ಮಾಡಿ ಎಂದು ಹೇಳಿ ಹೋದರೆಂದು ಬರೆದರೂ ಅದು ಉತ್ಪ್ರೇಕ್ಷೆಯಾಗದು.

ಅಂಗಡಿಯಲ್ಲಿ ಮಾರಾಟಗಾರ್ತಿ ಕತ್ತರಿಯಿಂದ ಆ ದಿನದ ಕೂಪನ್ ಕತ್ತರಿಸಿ, ತುಂಡನ್ನು ತೂಗಿ, ತೂಕ ಕಡಿಮೆ ಬಿದ್ದರೆ ಸಣ್ಣ ಚೂರೊಂದನ್ನು ಮೇಲಿಡುತ್ತಿದ್ದಳು. ಆ ಚೂರಿಗೆ ‘ದೊವೆಸೊಕ್’ ಎನ್ನುತ್ತಾರೆ. ತರಲು ಹೋದವರು ದಾರಿಯಲ್ಲೇ ಅದನ್ನು ಬಾಯಿಗೆ ಹಾಕಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಅದನ್ನೂ ಮನೆಗೆ ತಂದವನ ಪ್ರೀತಿ ಎಷ್ಟೆಂದು ಲೆನಿನ್‌ಗ್ರಾಡ್‌ನವರಿಗೆ ವಿವರಿಸಬೇಕಾಗಿರಲಿಲ್ಲ.

ಸೈನಿಕನೊಬ್ಬ ರಾತ್ರೋರಾತ್ರಿ ರಣರಂಗದಿಂದ ನಡೆದು ಬಂದು ಹುಡುಗಿಯನ್ನು ನೋಡಿ ಬೆಳಗಾಗುವಷ್ಟರಲ್ಲಿ ಹಿಂದಿರುಗುತ್ತಾನೆ. ರಷ್ಯಾದಂಥ ದೇಶದಲ್ಲಿ ರಣರಂಗ ಅಷ್ಟು ಹತ್ತಿರವಿರುತ್ತದೆಯೇ? (ಬಳ್ಳಾರಿ)

ಲೆನಿನ್‌ಗ್ರಾಡ್‌ನಲ್ಲಿ ಇತ್ತು. ಊರಿನ ದಕ್ಷಿಣ ಅಂಚಿನ ಕಿರೊವ್ ಕಾರ್ಖಾನೆಯಿಂದ ಜರ್ಮನ್ನರ ಸಾಲು ಸುಮಾರು 4 ಕಿ.ಮೀ. ಅಷ್ಟೇ. 1941ರ ಶರತ್ಕಾಲದಲ್ಲಿ ಸೈನಿಕರು ಟ್ರಾಮ್ ಹತ್ತಿ ಯುದ್ಧಕ್ಕೆ ಹೋದದ್ದುಂಟು. ದೂರ ಅಡ್ಡಿಯಲ್ಲ, ಕಾಗದ ಅಡ್ಡಿ. ದಾರಿಯಲ್ಲಿ ತಪಾಸಣಾ ಠಾಣೆಗಳು, ಊರೊಳಗೆ ರಾತ್ರಿ ಓಡಾಟಕ್ಕೆ ಪಾಸ್. ಮೇಲಧಿಕಾರಿಯ ಚೀಟಿಯಿಲ್ಲದೆ ಸಿಕ್ಕಿಬಿದ್ದವನನ್ನು ಓಡಿಹೋದವನೆಂದು ತಿಳಿದು ಸೇನಾ ನ್ಯಾಯಮಂಡಳಿಗೆ ಒಪ್ಪಿಸಬಹುದಿತ್ತು. ನಿಮ್ಮ ಕಥೆಯಲ್ಲಿ ಅವನಿಗೆ ಯಾವುದೋ ಕೆಲಸದ ನೆಪ ಕೊಡಿ: ವರದಿ ತಲುಪಿಸುವುದು, ಗಾಯಾಳುವನ್ನು ಆಸ್ಪತ್ರೆಗೆ ಬಿಡುವುದು. ಆಗ ಒಂದೆರಡು ಗಂಟೆ ಕದಿಯಬಹುದು.

ರಷ್ಯದ ಸೈನಿಕರ ತ್ರಿಕೋನ ಪತ್ರವನ್ನು ಶಾಲೆಯ ಪ್ರದರ್ಶನಕ್ಕೆ ಮಕ್ಕಳಿಂದ ಮಾಡಿಸಬೇಕು. ಮಡಚುವುದು ಹೇಗೆ? ಅಂಚೆಚೀಟಿ ಎಲ್ಲಿ ಅಂಟಿಸಬೇಕು? (ಹಾವೇರಿಯ ಶಿಕ್ಷಕಿ)

ಅಂಚೆಚೀಟಿ ಬೇಡ. ರಣರಂಗದಿಂದ ಬರುವ, ಅಲ್ಲಿಗೆ ಹೋಗುವ ಸಾದಾ ಪತ್ರಗಳಿಗೆ ಶುಲ್ಕವಿರಲಿಲ್ಲ. ಲಕೋಟೆಗಳ ಅಭಾವವಿದ್ದುದರಿಂದಲೇ ಪತ್ರವೇ ಲಕೋಟೆಯಾಯಿತು.

ಎ4 ಹಾಳೆ (21 × 29.7 ಸೆಂ.ಮೀ.) ತೆಗೆದುಕೊಂಡು ಬರೆದ ಮುಖ ಮೇಲೆ ಬರುವಂತೆ ಉದ್ದಕ್ಕೆ ಇಡಿ. ಮೇಲಿನ ಬಲ ಮೂಲೆಯನ್ನು ಎಡ ಅಂಚಿಗೆ ತಂದು, ಮೇಲಿನ ಅಂಚು ಎಡ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಮಡಚಿ. ಈಗ ಮೇಲೊಂದು ತ್ರಿಕೋನ, ಕೆಳಗೆ ಸುಮಾರು 8.7 ಸೆಂ.ಮೀ. ಎತ್ತರದ ಪಟ್ಟಿ ಉಳಿಯುತ್ತದೆ. ತ್ರಿಕೋನದ ಎಡ ಮೇಲ್ತುದಿಯನ್ನು ಅದರ ಬಲ ಕೆಳತುದಿಗೆ ತಂದು ಮತ್ತೊಮ್ಮೆ ಮಡಚಿದರೆ ಮನೆಯ ಆಕಾರ ಬರುತ್ತದೆ, ಮಾಡಿನ ಕೆಳಗೆ ಗೋಡೆಯಿದ್ದಂತೆ. ಗೋಡೆಯ ಕೆಳಗಿನ ಎರಡೂ ಮೂಲೆಗಳನ್ನು ಓರೆಯಾಗಿ ಒಳಕ್ಕೆ, ಮಾಡಿನ ಗೆರೆಯವರೆಗೆ ಮಡಚಿ. ಉಳಿದ ಭಾಗವನ್ನು ಮೇಲಕ್ಕೆತ್ತಿ ತ್ರಿಕೋನದ ಪದರಗಳ ನಡುವಿನ ಜೇಬಿಗೆ ತೂರಿಸಿ. ಹಿಂಬದಿಯ ನಯವಾದ ಮುಖದಲ್ಲಿ ವಿಳಾಸ ಬರೆಯಿರಿ.

ಮಕ್ಕಳು ತಪ್ಪುವುದು ಎರಡು ಕಡೆ. ಚೌಕಾಕಾರದ ಹಾಳೆ ತೆಗೆದುಕೊಂಡರೆ ತೂರಿಸಲು ಪಟ್ಟಿಯೇ ಉಳಿಯದೆ ಪತ್ರ ಬಿಚ್ಚಿಕೊಳ್ಳುತ್ತದೆ. ಪಟ್ಟಿಯ ಎತ್ತರ ಹಾಳೆಯ ಅಗಲದ ಅರ್ಧಕ್ಕಿಂತ ಹೆಚ್ಚಾದರೆ ತುದಿ ಜೇಬಿನೊಳಗೆ ಹಿಡಿಸದೆ ಉಬ್ಬುತ್ತದೆ. ಗೋಂದು ಹಚ್ಚಿಸಬೇಡಿ. ಸೆನ್ಸಾರ್ ಪ್ರತಿ ಪತ್ರವನ್ನೂ ಬಿಚ್ಚಿ ಓದಿ, ‘ಸೇನಾ ಸೆನ್ಸಾರ್ ನೋಡಿದೆ’ ಎಂಬರ್ಥದ ಮುದ್ರೆ ಒತ್ತುತ್ತಿತ್ತು. ಆದ್ದರಿಂದ ಅಂಟಿಸಿದ ತ್ರಿಕೋನ ಇರುತ್ತಿರಲಿಲ್ಲ. ಇರುವ ಊರು, ದಳದ ಹೆಸರು, ಆಯುಧಗಳ ವಿವರ ಬರೆದರೆ ಆ ಸಾಲಿಗೆ ಮಸಿ. ಲೆನಿನ್‌ಗ್ರಾಡ್‌ನಿಂದ ಹೊರಟ ಪತ್ರಗಳಲ್ಲಿ ಹಸಿವಿನ ವರ್ಣನೆಗೂ ಕತ್ತರಿ ಬೀಳುತ್ತಿತ್ತು. ವಿಳಾಸದಲ್ಲಿ ಸೈನಿಕನ ಜಾಗ ಬರೆಯುವಂತಿಲ್ಲ, ‘ಪೊಲೆವಾಯಾ ಪೋಚ್ತಾ’ ಅಂದರೆ ರಣರಂಗದ ಅಂಚೆಯ ಸಂಖ್ಯೆ ಮಾತ್ರ. 1943ರಿಂದ ಅದು ಐದು ಅಂಕಿಯದು. ಪ್ರದರ್ಶನಕ್ಕೆ ಐದು ಅಂಕಿ ಹಾಕಿಸುವುದಾದರೆ ಪತ್ರದ ತಾರೀಖು 1943 ಅಥವಾ ನಂತರದ್ದಿರಲಿ.

ಒಳಗೆ ಏನು ಬರೆಸಲಿ ಎಂದೂ ಕೇಳಿದ್ದೀರಿ. ಕಾನ್‌ಸ್ತಂತೀನ್ ಸೀಮೊನೊವ್ ನಟಿ ವಲೆಂತೀನಾ ಸೆರೊವಾಳನ್ನು ಕುರಿತು ಬರೆದ ‘ನನಗಾಗಿ ಕಾದಿರು’ ಎಂಬ ಕವಿತೆ 1942ರ ಜನವರಿ 14ರಂದು ಪ್ರಾವ್ದಾ ಪತ್ರಿಕೆಯಲ್ಲಿ ಬಂತು. ಅದನ್ನು ಕತ್ತರಿಸಿ ಇಟ್ಟುಕೊಂಡು ಮನೆಗೆ ನಕಲು ಮಾಡಿ ಕಳಿಸಿದ ಸೈನಿಕರಿಗೆ ಲೆಕ್ಕವಿಲ್ಲ. ಮಕ್ಕಳಿಂದ ಮಾತ್ರ ತಾಯಿಗೆ ಬರೆದಂತೆ ಬರೆಸಿ, ಅಂಥ ತ್ರಿಕೋನಗಳೂ ಅಷ್ಟೇ ನಿಜ.

ಪತ್ರಗಳು ನಿಂತುಹೋದರೆ ಹುಡುಗಿ ಏನೆಂದು ತಿಳಿಯಬೇಕು? ಯುದ್ಧ ಮುಗಿದ ಮೇಲೆ ಅವನು ಹೇಗೆ ಹುಡುಕಬೇಕು? (ಉಡುಪಿ)

ಮೂರು ಬಗೆಯ ಸುದ್ದಿ ಬರಬಹುದಿತ್ತು. ಅವಳು ಬರೆದ ಪತ್ರವೇ ‘ವಿಳಾಸದಾರ ಇಲ್ಲಿಲ್ಲ’ ಎಂಬ ಬರಹದೊಂದಿಗೆ ಹಿಂದಿರುಗುವುದು ಒಂದು. ಇದರರ್ಥ ಸಾವೆಂದೇ ಅಲ್ಲ, ಆಸ್ಪತ್ರೆಗೆ ಹೋಗಿರಬಹುದು, ದಳ ಬದಲಾಗಿರಬಹುದು. ಎರಡನೆಯದು ಜನ ‘ಪೊಖೊರೊನ್ಕಾ’ ಎನ್ನುತ್ತಿದ್ದ ಅಧಿಕೃತ ಸಾವಿನ ಸೂಚನೆ. ಮೂರನೆಯದು ‘ಸುಳಿವಿಲ್ಲದೆ ಕಾಣೆಯಾಗಿದ್ದಾನೆ’ ಎಂಬ ಸೂಚನೆ. ಸೆರೆ ಸಿಕ್ಕವರು, ಗುರುತು ಸಿಗದೆ ಸತ್ತವರು, ಸುತ್ತುವರಿದ ದಳಗಳವರು ಎಲ್ಲ ಇದರಲ್ಲೇ ಸೇರುತ್ತಿದ್ದರು. ದಾಖಲೆಗಳು ದಾಳಿಯಲ್ಲಿ ಹಾಳಾಗುತ್ತಿದ್ದುದರಿಂದ ಬದುಕಿದ್ದವರ ಮನೆಗೂ ಸಾವಿನ ಸೂಚನೆ ಹೋದದ್ದಿದೆ. ಅದರಿಂದಲೇ ಕೆಲವರು ಕಾಗದ ಕೈಯಲ್ಲಿದ್ದರೂ ಕಾಯುವುದನ್ನು ಬಿಡಲಿಲ್ಲ.

ಒಂದು ಮಾತು ಗಮನಿಸಿ: ಸೂಚನೆ ಹೋಗುತ್ತಿದ್ದುದು ಕುಟುಂಬಕ್ಕೆ. ಮದುವೆಯಾಗದ ಪ್ರೇಯಸಿಗೆ ಏನೂ ಬರುವುದಿಲ್ಲ. ಅವನ ತಾಯಿ ಹೇಳಿದರೆ ಉಂಟು, ಇಲ್ಲದಿದ್ದರೆ ಹಿಂದಿರುಗಿದ ತನ್ನದೇ ಪತ್ರವೊಂದೇ ಆಧಾರ.

ಅವನು ಹುಡುಕುವ ದಾರಿಯೂ ದಾಖಲೆಯದೇ. ಊರು ಬಿಟ್ಟವರ ವಿವರಗಳನ್ನು ಒರೆನ್‌ಬುರ್ಗ್ ಕಡೆಯ ಬುಗುರುಸ್ಲಾನ್ ಎಂಬ ಪಟ್ಟಣದ ಕೇಂದ್ರ ಮಾಹಿತಿ ಕಚೇರಿಯಲ್ಲಿ ಕೂಡಿಡುತ್ತಿದ್ದರು. ಅಲ್ಲಿಗೆ ಹೆಸರು, ಹುಟ್ಟಿದ ವರ್ಷ, ಹಿಂದಿನ ವಿಳಾಸ ಬರೆದು ಕೇಳಬಹುದಿತ್ತು. ಅವಳು ಬೇರೆ ಮದುವೆಯಾಗಿ ಕುಲನಾಮ ಬದಲಿಸಿದ್ದರೆ ಹುಡುಕಾಟ ಅಲ್ಲೇ ಕಡಿಯುತ್ತದೆ. ವಿರಹದ ಕಥೆಗೆ ಇದಕ್ಕಿಂತ ಗಟ್ಟಿಯಾದ ಗಂಟು ಬೇಕಿಲ್ಲ.

ಲಡೋಗಾ ಸರೋವರದ ಮಂಜಿನ ಮೇಲೆ ಲಾರಿಯಲ್ಲಿ ಇಬ್ಬರೂ ಪಾರಾಗುವ ದೃಶ್ಯ ಬರೆದಿದ್ದೇನೆ, ತಾರೀಖು 1941ರ ನವೆಂಬರ್ 25. ಲಾರಿ ವೇಗವಾಗಿ ಓಡುತ್ತದೆ, ದಡ ಸೇರಿದ ಕೂಡಲೇ ಹೊಟ್ಟೆತುಂಬ ಊಟ. (ಬೆಂಗಳೂರು)

ತಾರೀಖು, ವೇಗ, ಊಟ, ಮೂರನ್ನೂ ಬದಲಿಸಿ.

ಹೆಪ್ಪುಗಟ್ಟಿದ ಸರೋವರದ ಮೇಲೆ ಮುತ್ತಿಗೆಯ ಊರಿಗೆ ಹೋಗಿಬರಲು ಮಾಡಿದ ಮಂಜಿನ ದಾರಿಯಲ್ಲಿ ಮೊದಲ ಲಾರಿಗಳು ಹೊರಟದ್ದು ನವೆಂಬರ್ 22ರಂದು. ಆಗ ಮಂಜು ಎಷ್ಟು ತೆಳುವಿತ್ತೆಂದರೆ ಒಂದೂವರೆ ಟನ್ ಹೊರುವ ಲಾರಿಗೆ ಎರಡು ಮೂರು ಮೂಟೆ ಮಾತ್ರ ಹಾಕುತ್ತಿದ್ದರು, ಭಾರ ಹರಡಲು ಹಿಂದೆ ಸ್ಲೆಡ್ಜ್ ಕಟ್ಟುತ್ತಿದ್ದರು, ಆದರೂ ಕೆಲವು ಮುಳುಗಿದವು. ಒಂದು ಟನ್ ಹೇರಿದ ಲಾರಿಗೆ ಕನಿಷ್ಠ 20 ಸೆಂ.ಮೀ. ದಪ್ಪದ ಮಂಜು ಬೇಕು. ಜನರನ್ನು ದೊಡ್ಡ ಪ್ರಮಾಣದಲ್ಲಿ ಸಾಗಿಸಲು ಶುರುಮಾಡಿದ್ದು 1942ರ ಜನವರಿ 22ರಿಂದ. ಏಪ್ರಿಲ್‌ವರೆಗೆ 5.5 ಲಕ್ಷಕ್ಕೂ ಹೆಚ್ಚು ಮಂದಿ ದಾಟಿದರು. ನಿಮ್ಮ ಜೋಡಿ ಫೆಬ್ರುವರಿಯಲ್ಲಿ ಹೊರಡಲಿ: ಫಿನ್‌ಲ್ಯಾಂಡ್ ನಿಲ್ದಾಣದಿಂದ ಬರೀಸೊವಾ ಗ್ರೀವಾದವರೆಗೆ ರೈಲು, ಮುಂದೆ ಕೊಬೊನಾ ಕಡೆಯ ದಡಕ್ಕೆ ಸುಮಾರು 30 ಕಿ.ಮೀ. ಮಂಜಿನ ಮೇಲೆ ಲಾರಿ.

ವೇಗದ ವಿಷಯ ಕುತೂಹಲದ್ದು. ಲಾರಿ ಸಾಗುವಾಗ ಮಂಜು ಬಾಗಿ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಲಾರಿಯ ವೇಗವೂ ಅಲೆಯ ವೇಗವೂ ಒಂದಾದರೆ ಬಾಗುವಿಕೆ ಬೆಳೆಯುತ್ತ ಹೋಗಿ ಮಂಜು ಒಡೆಯುತ್ತದೆ. ಪಾವೆಲ್ ಕೊಬೆಕೊ ಎಂಬ ಭೌತವಿಜ್ಞಾನಿಯ ತಂಡ ಇದನ್ನು ಅಳೆದು, ಗಂಟೆಗೆ 35 ಕಿ.ಮೀ. ಆಸುಪಾಸಿನ ವೇಗ ಅಪಾಯವೆಂದು ಕಂಡುಕೊಂಡಿತು. ಹೇರಿದ ಲಾರಿ ಹೋದಾಗ ತಡೆದ ಮಂಜು, ಖಾಲಿಯಾಗಿ ವೇಗವಾಗಿ ಮರಳುವಾಗ ಒಡೆದದ್ದು ಇದರಿಂದಲೇ. ಲಾರಿಗಳ ನಡುವೆ ಅಂತರ ಬಿಡಬೇಕಿತ್ತು. ಮುಳುಗಿದರೆ ಹಾರಿಕೊಳ್ಳಲೆಂದು ಚಾಲಕರು ಆ ಚಳಿಯಲ್ಲೂ ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದರು.

ಇನ್ನು ಊಟ. ದಡದಲ್ಲಿ ಬಿಸಿ ಊಟ ಸಿಗುತ್ತಿತ್ತು, ಅದನ್ನು ಒಮ್ಮೆಲೇ ತಿಂದು ಸತ್ತವರು ಬಹಳ ಮಂದಿ. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ದಿಢೀರನೆ ಆಹಾರ ಬಿದ್ದಾಗ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು, ಸೋತ ಕರುಳೂ ತಡೆಯದು. ಒಬ್ಬರು ಇನ್ನೊಬ್ಬರ ಕೈಯಿಂದ ಬಟ್ಟಲು ಕಸಿದುಕೊಂಡು ಚಮಚದ ಲೆಕ್ಕದಲ್ಲಿ ಗಂಜಿ ಕೊಡುವುದೇ ಅಲ್ಲಿ ಜೀವ ಉಳಿಸುವ ಕೆಲಸ. ಆ ದೃಶ್ಯವನ್ನು ದಯವಿಟ್ಟು ಬರೆಯಿರಿ.

ರಣರಂಗದಲ್ಲಿ ಜೊತೆಯಾಗಿ ಬಾಳಿದವರ ಮದುವೆಗೆ ಕಾನೂನಿನ ಬೆಲೆ ಇತ್ತೇ? ಮಗು ಹುಟ್ಟಿದರೆ? (ಕಲಬುರಗಿಯ ವಕೀಲರು)

1944ರ ಜುಲೈ 8ಕ್ಕೆ ಮೊದಲು, ನಂತರ ಎಂದು ಎರಡು ಉತ್ತರ. 1926ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಗಂಡಹೆಂಡಿರಂತೆ ಬಾಳಿದವರಿಗೂ ಹಕ್ಕುಗಳಿದ್ದವು. 1944ರ ಆ ತಾರೀಖಿನ ಆದೇಶ ಇದನ್ನು ಮುಗಿಸಿತು. ‘ಝಾಗ್ಸ್’ ಎಂಬ ನೋಂದಣಿ ಕಚೇರಿಯಲ್ಲಿ ದಾಖಲಾದ ಮದುವೆಗೆ ಮಾತ್ರ ಬೆಲೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಂದೆ ಯಾರೆಂದು ಕೋರ್ಟಿನಲ್ಲಿ ಸಾಧಿಸುವ ಹಕ್ಕು ಹೋಯಿತು. ಮಗುವಿಗೆ ತಾಯಿಯ ಕುಲನಾಮ, ತಂದೆಯ ಜಾಗದಲ್ಲಿ ಒಂದು ಅಡ್ಡಗೆರೆ, ತಾಯಿಗೆ ಒಂದು ಮಗುವಿಗೆ ತಿಂಗಳಿಗೆ 100 ರೂಬಲ್ ಸರ್ಕಾರಿ ನೆರವು. ವಿಚ್ಛೇದನಕ್ಕೆ ಪತ್ರಿಕಾ ಪ್ರಕಟಣೆ, ಎರಡು ಹಂತದ ಕೋರ್ಟು, 500ರಿಂದ 2,000 ರೂಬಲ್ ಶುಲ್ಕ. ಮನೆಯಲ್ಲಿ ಹೆಂಡತಿಯಿದ್ದ ಅಧಿಕಾರಿ ರಣರಂಗದ ಸಂಗಾತಿಯನ್ನು ಮದುವೆಯಾಗಬೇಕೆಂದರೆ ಇಷ್ಟನ್ನೂ ದಾಟಬೇಕು. ಆ ಹೆಣ್ಣುಮಕ್ಕಳನ್ನು ‘ಪೆ-ಪೆ-ಝೆ’, ಅಂದರೆ ದಂಡಿನ ಹೆಂಡತಿ, ಎಂದು ಹೀಯಾಳಿಸುತ್ತಿದ್ದರು. ಅದೇ ಹೆಣ್ಣುಮಕ್ಕಳು ದಾದಿಯರಾಗಿ, ವೈರ್‌ಲೆಸ್ ನಿರ್ವಾಹಕಿಯರಾಗಿ ಗುಂಡಿಗೆ ಎದೆಯೊಡ್ಡಿದವರು ಎಂಬುದನ್ನು ಕಾದಂಬರಿಕಾರರು ಬೇಗ ಮರೆಯುತ್ತಾರೆ. ಅದು ಅನ್ಯಾಯ.

ಒಂದು ಕಿಟಕಿ ತೆರೆದಿತ್ತು. 1944ರ ನವೆಂಬರ್ 10ರ ಆದೇಶದಂತೆ, ಜುಲೈ 8ಕ್ಕೆ ಮೊದಲೇ ಒಟ್ಟಿಗೆ ಬಾಳಿದ್ದು, ಒಬ್ಬರು ರಣರಂಗದಲ್ಲಿ ಸತ್ತಿದ್ದರೆ ಅಥವಾ ಕಾಣೆಯಾಗಿದ್ದರೆ, ಉಳಿದವರು ಜನತಾ ನ್ಯಾಯಾಲಯದಲ್ಲಿ ತಾವು ಪತಿ ಅಥವಾ ಪತ್ನಿ ಎಂದು ಸಾಧಿಸಬಹುದಿತ್ತು. ಅದಕ್ಕೆ ಸಾಕ್ಷಿ ಏನು? ನೆರೆಹೊರೆಯವರ ಮಾತು, ಮತ್ತು ‘ನನ್ನ ಹೆಂಡತಿ’ ಎಂದು ಸಂಬೋಧಿಸಿದ ತ್ರಿಕೋನ ಪತ್ರಗಳಂಥವು.

ಒಬ್ಬನೇ ಪಾತ್ರಕ್ಕೆ ನಾಲ್ಕು ಹೆಸರು. ನೆನಪಿಡುವುದು ಹೇಗೆ? (ತುಮಕೂರು)

ಪುಸ್ತಕದ ಮೊದಲ ಪುಟದಲ್ಲಿ ಪೆನ್ಸಿಲ್‌ನಿಂದ ಪಟ್ಟಿ ಮಾಡಿಕೊಳ್ಳಿ: ಸ್ವಂತ ಹೆಸರು, ತಂದೆಯ ಹೆಸರಿನಿಂದ ಬಂದದ್ದು, ಕುಲನಾಮ, ಮುದ್ದಿನ ಹೆಸರು. ಅಲೆಕ್ಸಾಂದ್ರ್ ಇವಾನೊವಿಚ್ ಎಂದರೆ ಗೌರವ, ಸಾಶಾ ಅಥವಾ ಶೂರಾ ಎಂದರೆ ಸಲಿಗೆ. ತತ್ಯಾನಾ ತಾನ್ಯಾ ಆಗಿ, ತಾನೆಚ್ಕಾ ಆದಾಗ ಅಲ್ಲಿ ಪ್ರೀತಿ ಹುಟ್ಟಿದೆ ಎಂದೇ ತಿಳಿಯಿರಿ. ಜಗಳವಾದಾಗ ಮತ್ತೆ ಪೂರ್ತಿ ಹೆಸರು.

ಈ ಜಾಗಗಳನ್ನು ಈಗ ನೋಡಬಹುದೇ? (ದುಬೈನ ಓದುಗರು)

ನೋಡಬಹುದು. ನೆವ್‌ಸ್ಕಿ ಪ್ರಾಸ್ಪೆಕ್ಟ್ 14ರ ಗೋಡೆಯಲ್ಲಿ ನೀಲಿ ಹಿನ್ನೆಲೆಯ ಮೇಲೆ ಬಿಳಿ ಬರಹವಿದೆ: ಫಿರಂಗಿ ದಾಳಿಯ ವೇಳೆ ಬೀದಿಯ ಈ ಬದಿ ಹೆಚ್ಚು ಅಪಾಯಕಾರಿ. ಅನಿಚ್ಕೊವ್ ಸೇತುವೆಯ ಕುದುರೆಗಳ ಪೀಠದಲ್ಲಿ, ಸೇಂಟ್ ಐಸಾಕ್‌ನ ಕಂಬಗಳಲ್ಲಿ ಗುಂಡಿನ ಗಾಯಗಳನ್ನು ಹಾಗೇ ಬಿಟ್ಟಿದ್ದಾರೆ. ಮುತ್ತಿಗೆಯ ವಸ್ತುಸಂಗ್ರಹಾಲಯ ಸೊಲ್ಯಾನೊಯ್ ಓಣಿಯಲ್ಲಿದೆ. ಸ್ಟಾಲಿನ್ ಕಾಲದಲ್ಲೇ ಮುಚ್ಚಿಸಿದ್ದ ಅದನ್ನು ಮತ್ತೆ ತೆರೆದದ್ದು 1989ರಲ್ಲಿ. ಪಿಸ್ಕರ್‍ಯೊವ್‌ಸ್ಕೊಯೆ ಸ್ಮಾರಕ ಸ್ಮಶಾನಕ್ಕೆ ಪ್ಲೋಶ್ಚದ್ ಮುಝೆಸ್ತ್ವಾ ಮೆಟ್ರೊದಲ್ಲಿ ಇಳಿದು ಬಸ್ ಹಿಡಿಯಿರಿ. ಸುಮಾರು 4.9 ಲಕ್ಷ ಮಂದಿಯನ್ನು ಅಲ್ಲಿ ಮಣ್ಣು ಮಾಡಲಾಗಿದೆ, ಸಾಮೂಹಿಕ ಸಮಾಧಿಗಳ ಮೇಲೆ ಹೆಸರುಗಳಿಲ್ಲ, ವರ್ಷ ಕೆತ್ತಿದೆ. ಲಡೋಗಾ ದಡದ ‘ಒಡೆದ ಉಂಗುರ’ ಸ್ಮಾರಕ ವಗಾನೊವೊದಲ್ಲಿದೆ, ಮಂಜಿನ ದಾರಿಯ ಮ್ಯೂಸಿಯಂ ಒಸಿನೊವೆಟ್ಸ್‌ನಲ್ಲಿ. ಇವೆರಡಕ್ಕೂ ಇಡೀ ದಿನ ಮೀಸಲಿಡಿ.

ಮುತ್ತಿಗೆ ಪೂರ್ತಿ ತೆರವಾದ ಜನವರಿ 27ಕ್ಕೆ ಹೋದರೆ ಊರಿನವರೇ ಹೂವು ಹಿಡಿದು ಬರುವುದನ್ನು ಕಾಣುತ್ತೀರಿ, ಚಳಿಗೆ ಸಿದ್ಧರಾಗಿ ಹೋಗಿ. ರಷ್ಯದ ಹೊರಗೆ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಖರ್ಚಿಗೆ ನಗದು ಒಯ್ದು ಅಲ್ಲಿನ ಬ್ಯಾಂಕಿನಲ್ಲೇ ರೂಬಲ್ ಮಾಡಿಸಿಕೊಳ್ಳಿ.